ಕೈ ಗೆದ್ದಿತು, ಗಡಿಗೆ ಸೋತಿತು
ಹಳೆಯ ಚರ್ಚೊಂದರಲ್ಲಿ ಶಾಕಾಹಾರಿ ಊಟ: ಒಂದು ಚರಿತ್ರೆ

1

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇಬ್ಬರು ಭೇಟಿಯಾದರೆ ಮೊದಲು ಬರುವ ಮಾತು 'ಊಟ ಆತೇನ್ರಿ?' ಎಂಬುದು. 'ಆತ್ರಿ' ಎಂದರೆ ಅಲ್ಲಿಗೆ ಮುಗಿಯಿತು. ಆದರೆ ಗುರುತಿಲ್ಲದ ಊರಿನಲ್ಲಿ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: 'ಎಲ್ಲಿ ಉಂಡ್ರಿ?' ಯಾರ ಮನೆ ಎಂದು ತಿಳಿದರೆ ಯಾವ ಓಣಿ ಎಂದು ತಿಳಿಯುತ್ತದೆ, ಓಣಿ ತಿಳಿದರೆ ಜಾತಿ ತಿಳಿಯುತ್ತದೆ. ಆಗಲೂ ಸಂಶಯ ಉಳಿದರೆ ಮೂರನೆಯ ಪ್ರಶ್ನೆ: 'ನೀವು ತಿಂತೀರೇನ್ರಿ?' ಏನನ್ನು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. 'ತಿನ್ನವರು', 'ತಿನ್ನದವರು' ಎಂದು ಕರ್ಮಪದವಿಲ್ಲದ ಎರಡು ಶಬ್ದಗಳಲ್ಲಿ ನಮ್ಮ ಸೀಮೆಯ ಸಮಾಜಶಾಸ್ತ್ರವೆಲ್ಲ ಅಡಗಿದೆ.

ಹೊಲಗೇರಿ ಮಾದರಕೇರಿಗಳಲ್ಲಿ ಬೆಳೆದ ನಮಗೆ ಈ ಶಬ್ದಗಳ ಇನ್ನೊಂದು ಮುಖವೂ ಗೊತ್ತು. ನಮ್ಮ ಮನೆಗಳಲ್ಲಿ ವರ್ಷದ ಬಹುಪಾಲು ದಿನ ಬೇಯುತ್ತಿದ್ದುದು ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆಂಪು ಖಾರ, ಉಳ್ಳಾಗಡ್ಡಿ. ಖಂಡ ಬೇಯುತ್ತಿದ್ದುದು ಹಬ್ಬಕ್ಕೆ, ಜಾತ್ರೆಗೆ, ಬೀಗರು ಬಂದಾಗ, ಇಲ್ಲವೆ ಊರಲ್ಲಿ ದನ ಸತ್ತಾಗ. ಲೆಕ್ಕ ಹಾಕಿ ನೋಡಿದರೆ ನಮ್ಮಷ್ಟು 'ಶಾಕಾಹಾರ' ಉಂಡವರು ಬೇರೆ ಇರಲಿಕ್ಕಿಲ್ಲ. ಆದರೂ ಆ ಶಬ್ದ ನಮಗೆ ಸಲ್ಲಲಿಲ್ಲ. ಯಾಕೆಂದರೆ ಅದು ತಾಟಿನಲ್ಲಿರುವ ಪದಾರ್ಥದ ಹೆಸರಾಗಿರಲಿಲ್ಲ, ಉಣ್ಣುವವನ ಅಂತಸ್ತಿನ ಹೆಸರಾಗಿತ್ತು. ಹಸಿವಿಗೆ ರೊಟ್ಟಿ-ಖಾರ ತಿಂದವನು ಬಡವ. ಮಡಿಗೆ ಅದನ್ನೇ ತಿಂದವನು ಶಾಕಾಹಾರಿ.

ಈ ಲೇಖನದಲ್ಲಿ ನಾನು ನೋಡಬೇಕೆಂದಿರುವುದು ಒಂದು ಸಣ್ಣ ಸಂಗತಿಯನ್ನು. ಜಾತಿಯನ್ನು ಊಟದ ಪಂಕ್ತಿಯಲ್ಲೇ ಮುರಿಯುತ್ತೇವೆಂದು ಹೊರಟ ಚರ್ಚು ಇವತ್ತು ತನ್ನ ಹಜಾರದಲ್ಲಿ ಹೊರಗಿನವರನ್ನು ಕರೆದು ಊಟ ಹಾಕುವಾಗ ಶಾಕಾಹಾರವನ್ನೇ ಯಾಕೆ ಬಡಿಸುತ್ತದೆ? ಇದು ಆತಿಥ್ಯವೋ, ಸೋಲೋ, ಉಪಾಯವೋ? ಚರ್ಚನ್ನು ಬೈಯುವುದಕ್ಕೆ ಈ ಪ್ರಶ್ನೆಯಲ್ಲ. ನಮ್ಮ ಸಂಘಟನೆಗಳ ಶಿಬಿರಗಳಲ್ಲಿಯೂ ಇದೇ ನಡೆಯುತ್ತದೆ. ಚರ್ಚಿನಲ್ಲಿ ಇದರ ಚರಿತ್ರೆ ಬರಹದಲ್ಲಿ ಉಳಿದಿದೆ, ನಮ್ಮಲ್ಲಿ ಉಳಿದಿಲ್ಲ. ಅಷ್ಟೇ ವ್ಯತ್ಯಾಸ.

2

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಹಳೆಯ ಮಿಷನ್ ಚರ್ಚೊಂದರಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ದಪ್ಪ ಕಲ್ಲಿನ ಗೋಡೆ, ಎತ್ತರದ ಕಿಟಕಿ, ಮಂಗಳೂರು ಹಂಚು, ಕೂತು ಕೂತು ನುಣುಪಾದ ಬೆಂಚುಗಳು. ಬಂದವರಲ್ಲಿ ದಲಿತರಿದ್ದರು, ಲಿಂಗಾಯತರಿದ್ದರು, ಕುರುಬರು, ನೇಕಾರರು, ಒಬ್ಬಿಬ್ಬರು ಬ್ರಾಹ್ಮಣ ಮಾಸ್ತರರೂ ಇದ್ದರು. ಮಧ್ಯಾಹ್ನ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳ ಪಲ್ಲೆ, ಮೊಸರು, ಗೋಧಿ ಹುಗ್ಗಿ, ಅನ್ನ-ಸಾರು. ರುಚಿಯಾದ ಊಟ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು.

ಅಡಿಗೆ ಮಾಡಿದವರು ಆ ಸಭೆಯ ಹೆಣ್ಣುಮಕ್ಕಳು. ಅವರಲ್ಲಿ ಬಹುಪಾಲು ನಮ್ಮ ಕೇರಿಗಳಿಂದಲೇ ಎರಡು ಮೂರು ತಲೆಮಾರಿನ ಹಿಂದೆ ಹೋದ ಮನೆತನದವರು. ಹಿರಿಯಳೊಬ್ಬಳು ಹುಗ್ಗಿ ನೀಡುತ್ತ ಬಂದಾಗ ನಾನು ನಗುತ್ತಲೇ ಕೇಳಿದೆ: 'ಯವ್ವಾ, ಕ್ರಿಸ್ಮಸ್ಸಿಗೆ ಹಿಂಗ ಮಾಡ್ತೀರೇನು?' ಆಕೆ ಹೇಳಿದಳು: 'ಇಲ್ಲ ತಮ್ಮಾ, ಕ್ರಿಸ್ಮಸ್ಸಿಗೆ ಖಂಡದ್ದ ಆಗಬೇಕು. ಇವತ್ತ ಎಲ್ಲಾ ಮಂದಿ ಬರ್ತಾರ ಅಂದ್ರು. ಅದಕ್ಕ ಶುದ್ಧ ಅಡಿಗಿ ಮಾಡೀವಿ.'

ಆಕೆಯ ಮಾತಿನಲ್ಲಿ ಎರಡು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು 'ಎಲ್ಲಾ ಮಂದಿ'. ತಿನ್ನದವರು ಬಂದಾಗ ಮಾತ್ರ 'ಎಲ್ಲಾ ಮಂದಿ' ಬಂದಂತಾಗುತ್ತದೆ. ಕ್ರಿಸ್ಮಸ್ಸಿಗೆ ಬರುವ ನೂರಾರು ಜನ 'ಎಲ್ಲಾ ಮಂದಿ' ಅಲ್ಲ. ಇನ್ನೊಂದು 'ಶುದ್ಧ'. ತಾನು ಹಬ್ಬಕ್ಕೆ ಮಾಡುವ ಅಡಿಗೆ ಶುದ್ಧವಲ್ಲವೆಂದು ಆಕೆ ಎಂದೂ ಅಂದುಕೊಂಡವಳಲ್ಲ. ಆದರೆ ಊರಿನ ಭಾಷೆ ಆಕೆಯ ಬಾಯಲ್ಲಿಯೂ ಕೂತಿದೆ.

ಅದೇ ಹೊತ್ತಿಗೆ ಇನ್ನೊಂದನ್ನೂ ನಾನು ನೋಡಿದೆ. ಆ ಮಾಸ್ತರರು ಆಕೆಯ ಕೈಯಿಂದ ಹುಗ್ಗಿ ಹಾಕಿಸಿಕೊಂಡು, 'ಇನ್ನೊಂದ್ ಸ್ವಲ್ಪ ನೀಡ್ರಿ' ಎಂದು ಕೇಳಿ ಉಂಡರು. ಅವರ ಅಜ್ಜ ಹೀಗೆ ಉಂಡಿದ್ದರೆ ಮನೆಯಿಂದ ಹೊರಗಾಗುತ್ತಿದ್ದ, ಪ್ರಾಯಶ್ಚಿತ್ತವಿಲ್ಲದೆ ಒಳಗೆ ಸೇರುತ್ತಿರಲಿಲ್ಲ. ಇದು ಸಣ್ಣ ಬದಲಾವಣೆಯಲ್ಲ. ಆ ದಿನ ನನಗೆ ಹೊಳೆದದ್ದು ಇಷ್ಟು: ನೂರೈವತ್ತು ವರ್ಷಗಳ ಜಗಳದಲ್ಲಿ ನಮ್ಮ ಕೈ ಗೆದ್ದಿದೆ, ನಮ್ಮ ಗಡಿಗೆ ಸೋತಿದೆ. ಮುಟ್ಟಬಾರದ ಕೈ ಮುಟ್ಟಬಹುದಾಯಿತು. ಆ ಕೈ ಏನನ್ನು ಬೇಯಿಸಬೇಕು ಎಂಬ ತೀರ್ಮಾನ ಮಾತ್ರ ಹಳಬರ ಹತ್ತಿರವೇ ಉಳಿಯಿತು.

3

ಸಹಪಂಕ್ತಿಯ ಚರಿತ್ರೆ ನಮ್ಮಲ್ಲಿ ಮಿಷನರಿಗಳಿಂದ ಶುರುವಾಗುವುದಿಲ್ಲ. ಬೀಳಗಿಯಿಂದ ದೂರವೇನೂ ಇಲ್ಲದ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣ, ಕಲ್ಯಾಣದಲ್ಲಿ ಭಂಡಾರಿಯಾಗಿದ್ದಾಗ, ಸಂಬೋಳಿ ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದನೆಂದು ಬಿಜ್ಜಳನಿಗೆ ದೂರು ಹೋದ ಕಥೆಯನ್ನು ವೀರಶೈವ ಪುರಾಣಕಾರರು ಹೇಳುತ್ತಾರೆ. ದೂರು ಕೊಟ್ಟವರು 'ಏನು ಉಂಡ' ಎಂದು ಕೇಳಲಿಲ್ಲ, 'ಎಲ್ಲಿ ಉಂಡ' ಎಂದು ಕೇಳಿದರು. ಹನ್ನೆರಡನೆಯ ಶತಮಾನದ ಜಗಳ ಕೈಯದು. ಗಡಿಗೆಯ ವಿಷಯದಲ್ಲಿ ಶರಣ ಚಳವಳಿ ಬೇರೆ ದಾರಿ ಹಿಡಿಯಿತು: ಹೊಲೆಯನೂ ಮಾದಿಗನೂ ಲಿಂಗ ಕಟ್ಟಿಕೊಂಡರೆ ಸರಿಸಮ, ಆದರೆ ಕಟ್ಟಿಕೊಂಡ ಮೇಲೆ ಖಂಡ ಬಿಡಬೇಕು. ಒಳಗೆ ಬರುವ ಬಾಗಿಲು ತೆರೆಯಿತು, ಬಾಗಿಲ ಹೊರಗೆ ಗಡಿಗೆ ಬಿಟ್ಟು ಬರಬೇಕಾಯಿತು. ಮುಂದೆ ಚಳವಳಿ ಜಾತಿಯಾದಾಗ, ಬಿಟ್ಟು ಬಂದ ಗಡಿಗೆಯೇ ಮೇಲು-ಕೀಳಿನ ಅಳತೆಗೋಲಾಯಿತು. ಮಠಗಳ ದಾಸೋಹದಲ್ಲಿ ಎಲ್ಲರಿಗೂ ಅನ್ನ ಸಿಕ್ಕಿತು ನಿಜ. ಆದರೆ ಕೆಲವರಿಗೆ ಒಳಗೆ, ಕೆಲವರಿಗೆ ಅಂಗಳದಲ್ಲಿ.

ಚರ್ಚಿನ ಕಡೆಯಿಂದ ಶಾಕಾಹಾರ ಮೊದಲು ಬಂದದ್ದು ಜೆಸ್ವಿತರ ಮೂಲಕ. ಇಟಲಿಯ ರಾಬರ್ಟೊ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದ. ಪರಂಗಿಗಳು ದನ ತಿನ್ನುತ್ತಾರೆ, ಕುಡಿಯುತ್ತಾರೆ, ಆದ್ದರಿಂದ ಅವರ ಮತ ನೀಚರ ಮತ ಎಂದು ಮೇಲುಜಾತಿಯವರು ಹೇಳುವುದನ್ನು ಕಂಡ. ಪರಿಹಾರವೆಂದು ತಾನೇ ಕಾಷಾಯ ತೊಟ್ಟು, ಮಾಂಸ ಮದ್ಯ ಬಿಟ್ಟು, ಬ್ರಾಹ್ಮಣ ಅಡಿಗೆಯವನನ್ನು ಇಟ್ಟುಕೊಂಡ. ಇದರ ಮೇಲೆ ಚರ್ಚಿನೊಳಗೇ ದೊಡ್ಡ ಜಗಳ ನಡೆದು, 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಈ ರೀತಿಗೆ ಒಪ್ಪಿಗೆ ಕೊಟ್ಟ. ಕನ್ನಡ ನಾಡಿಗೆ ಇದೇ ರೀತಿಯನ್ನು ತಂದವನು ಲಿಯೊನಾರ್ಡೊ ಚಿನ್ನಾಮಿ. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು, ಸನ್ಯಾಸಿಯ ವೇಷದಲ್ಲಿ ಶಾಕಾಹಾರಿಯಾಗಿ ಬದುಕಿ, ಕನ್ನಡ ಕಲಿತು ಕನ್ನಡದಲ್ಲಿ ಬರೆದ.

ಇದನ್ನು 'ಸಂಸ್ಕೃತಿಯ ಜೊತೆ ಸಂವಾದ' ಎಂದು ಹೊಗಳುವವರು ಇವತ್ತಿಗೂ ಇದ್ದಾರೆ. ಯಾರ ಸಂಸ್ಕೃತಿ ಎಂಬುದು ನನ್ನ ಪ್ರಶ್ನೆ. ಬ್ರಾಹ್ಮಣನ ಮನೆಗೆ ಹೋಗುವ ಪಾದ್ರಿ ಪರಯನ ಮನೆಗೆ ಹೋಗುವಂತಿಲ್ಲ, ಹೋದರೆ ಅವನ ಮಡಿ ಕೆಡುತ್ತದೆ. ಹಾಗಾಗಿ ಕೆಳಜಾತಿಗಳಿಗೆ ಬೇರೆ ಪಾದ್ರಿ, ಬೇರೆ ಪೂಜಾಸ್ಥಳ. ಸಾಯುತ್ತಿರುವ ಪರಯನಿಗೆ ಸಂಸ್ಕಾರ ಕೊಡಲು ಅವನ ಗುಡಿಸಲಿಗೆ ಹೋಗಬೇಕೋ ಬೇಡವೋ ಎಂಬುದು ರೋಮಿನಲ್ಲಿ ಹತ್ತಾರು ವರ್ಷ ಚರ್ಚೆಯಾಯಿತು. ಹೋಗಲೇಬೇಕೆಂದು ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1744ರಲ್ಲಿ ಕಟ್ಟುನಿಟ್ಟು ಮಾಡಿದ. ಊಟದಲ್ಲಿ ಶುರುವಾದ ರಾಜಿ ಸಾವಿನ ಹಾಸಿಗೆಯವರೆಗೆ ಹೋಗಿತ್ತು. ಮುಂದೆ ಅದು ಕಟ್ಟಡದಲ್ಲಿಯೂ ಮೂಡಿತು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂ ಚರ್ಚನ್ನು 1870ರ ದಶಕದಲ್ಲಿ ಪಾಟಲೋಣಿನ ಎರಡು ಕಾಲಿನಂತೆ ಎರಡು ಹಜಾರ ಮಾಡಿ ಕಟ್ಟಿದರು. ಒಂದರಲ್ಲಿ ಮೇಲಿನವರು, ಇನ್ನೊಂದರಲ್ಲಿ ಕೆಳಗಿನವರು, ಪೀಠ ಮಾತ್ರ ಒಂದೇ. ನಡುವಿನ ಗೋಡೆ ಬಿದ್ದದ್ದು 1910ರಲ್ಲಿ.

4

ಪ್ರಾಟೆಸ್ಟೆಂಟರು ಬಂದದ್ದು ಇದಕ್ಕೆ ವಿರುದ್ಧವಾದ ಮಾತಿನೊಂದಿಗೆ. 1833ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಜಾತಿಭೇದವನ್ನು ಕೂಡಲೇ, ಖಡಾಖಂಡಿತವಾಗಿ ಬಿಡಬೇಕೆಂದು ಆಜ್ಞೆ ಮಾಡಿದ. ಮೇಲುಜಾತಿಯ ಕ್ರೈಸ್ತರು ತಿರುಗಿಬಿದ್ದರು, ಅನೇಕರು ಸಭೆ ಬಿಟ್ಟು ಹೋದರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಯಿತು: ಜಾತಿ ಬಿಟ್ಟೆನೆಂದು ಬಾಯಲ್ಲಿ ಹೇಳಿದರೆ ಸಾಲದು, ಯಾವ ಜಾತಿಯವರು ಮಾಡಿದ ಅಡಿಗೆಯನ್ನಾದರೂ ಉಂಡು ತೋರಿಸಬೇಕು. ಇದಕ್ಕೆ ಅವರು ಬಳಸಿದ್ದು ಪ್ರೀತಿಭೋಜನವನ್ನು. ತರಂಗಂಬಾಡಿಯ ಲೈಪ್‌ಜಿಗ್ ಲುಥೆರನರು ಮಾತ್ರ ಇದನ್ನು ಒಪ್ಪಲಿಲ್ಲ. ಜಾತಿ ಲೋಕರೂಢಿ, ನಿಧಾನಕ್ಕೆ ಹೋಗುತ್ತದೆ ಎಂದರು. ನಿಧಾನಕ್ಕೆ ಹೋಗುತ್ತದೆ ಎಂದವರ ಮಾತು ನಮಗೆ ಹೊಸದೇನಲ್ಲ.

ಪ್ರೀತಿಭೋಜನದ ಈ ಪರೀಕ್ಷೆ ಕ್ರಾಂತಿಕಾರಕ ಎಂಬುದರಲ್ಲಿ ಸಂಶಯವಿಲ್ಲ. ಆದರೆ ದಲಿತ ವಿಮರ್ಶೆ ಇಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಪರೀಕ್ಷೆ ಮೇಲುಜಾತಿಯವನಿಗೆ. ಪರಯನ ಅಡಿಗೆ ಆ ಪರೀಕ್ಷೆಯ ಸಾಮಾನು, ಕಹಿ ಔಷಧಿ ಇದ್ದಂತೆ. ಕಣ್ಣು ಮುಚ್ಚಿ ನುಂಗಿದವನು ಪಾಸು. ಬೇಯಿಸಿದವಳ ಕಡೆಗೆ ತಿರುಗಿ, 'ಹೆಂಗ ಮಾಡಿದಿ ಯವ್ವಾ, ಏನ ಹಾಕಿದಿ' ಎಂದು ಕೇಳುವುದು ಆ ಪರೀಕ್ಷೆಯ ಭಾಗವಾಗಿರಲಿಲ್ಲ. ನಮ್ಮ ಕೈಯ ಅನ್ನ ಇನ್ನೊಬ್ಬರ ಮುಕ್ತಿಗೆ ಮೆಟ್ಟಿಲಾದದ್ದು ಗಾಂಧಿಯ ಕಾಲಕ್ಕಿಂತ ಎಷ್ಟೋ ಮುಂಚೆ.

ಕನ್ನಡ ನೆಲದಲ್ಲಿ ಈ ಕೆಲಸ ಹಿಡಿದದ್ದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ಗುಳೇದಗುಡ್ಡ. ಈ ಮಿಷನ್ನಿನ ಶಾಲೆ, ಹಂಚು, ಮಗ್ಗ, ಅಚ್ಚುಮೊಳೆ, ಕಿಟೆಲ್ ಸಾಹೇಬರ 1894ರ ನಿಘಂಟು ಎಲ್ಲರಿಗೂ ಗೊತ್ತು. ಅದರ ಊಟದ ಚರಿತ್ರೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದು ಜಾತಿಗೆ ಸಭೆಯಲ್ಲಿ ಜಾಗ ಕೊಡುವುದಿಲ್ಲವೆಂದಿತು. ಕರ್ತನ ರಾತ್ರಿಭೋಜನದಲ್ಲಿ ಒಂದೇ ರೊಟ್ಟಿ, ಒಂದೇ ಪಾತ್ರೆ. ಎಂಜಲಿನ ಕಲ್ಪನೆಯ ಮೇಲೆ ನಿಂತ ಸಮಾಜದಲ್ಲಿ ಒಂದೇ ಪಾತ್ರೆಗೆ ಬಾಯಿ ಹಚ್ಚುವುದು ಏನೆಂದು ಊಹಿಸಿಕೊಳ್ಳಿ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಎದ್ದು ನಿಂತದ್ದು ಅವನ ನಂಬಿಕೆಗಾಗಿ ಅಷ್ಟೇ ಅಲ್ಲ, ಅವನ ಊಟಕ್ಕಾಗಿಯೂ. ಮತ ಬಿಟ್ಟವನಿಗೆ, ಜಾತಿಯಿಂದ ಹೊರಹಾಕಿಸಿಕೊಂಡವನಿಗೆ ಆಸ್ತಿಯ ಹಕ್ಕು ಹೋಗಬಾರದೆಂದು ಕಂಪನಿ ಸರ್ಕಾರ 1850ರಲ್ಲಿ 21ನೆಯ ಕಾಯ್ದೆ ತರಬೇಕಾಯಿತು. ಒಂದು ತುತ್ತು ಅನ್ನ ಹೊಲ ಮನೆ ಕಸಿಯುವಷ್ಟು ಬಲವಾಗಿತ್ತು. ಮುಂದೆ ಇದೇ ಕೌಂಡಿನ್ಯನ ನೆರವಿನಿಂದ ಹರ್ಮನ್ ಮೋಗ್ಲಿಂಗ್ ಕೊಡಗಿನಲ್ಲಿ ಜೀತದ ಹೊಲೆಯರಿಗಾಗಿ ಆನಂದಪುರವೆಂಬ ಊರು ಕಟ್ಟಿದ.

ನಮ್ಮ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಹುಬ್ಬಳ್ಳಿ-ಬೆಟಗೇರಿ ಸುತ್ತ ಕಾಲಜ್ಞಾನದ ಪಂಥದವರು, ಬರಲಿರುವ ಗುರುವನ್ನು ಕಾಯುತ್ತಿದ್ದವರು, ಸಾವಿರಗಟ್ಟಲೆ ಬರುತ್ತಾರೆಂದು ಮಿಷನರಿಗಳು ನಂಬಿದರು. ಮಲಸಮುದ್ರದಲ್ಲಿ ನೆಲ ಹಿಡಿದು ಕ್ರೈಸ್ತ ಊರು ಕಟ್ಟಹೊರಟರು. ಜನ ಬರಲಿಲ್ಲ. ಹೊಸ ಗುರುವನ್ನು ಒಪ್ಪಲು ಅವರು ಸಿದ್ಧರಿದ್ದರೆಂದೇ ಇಟ್ಟುಕೊಳ್ಳೋಣ. ಬಂಧು-ಬಳಗ, ಕೊಡು-ಕೊಳ್ಳು, ಪಂಕ್ತಿ ಎಲ್ಲ ಬಿಟ್ಟು ಒಬ್ಬೊಬ್ಬರಾಗಿ ಬರಬೇಕೆಂಬುದು ಬೇರೆಯೇ ಮಾತು. ನೇಕಾರನಿಗೆ ನೂಲು ಕೊಡುವವನು, ಸೀರೆ ಕೊಳ್ಳುವವನು, ಸಾಲ ಕೊಡುವವನು ಎಲ್ಲ ಜಾತಿಯೊಳಗೇ ಇದ್ದರು. ಪಂಕ್ತಿ ಬಿಟ್ಟರೆ ಮಗ್ಗ ನಿಲ್ಲುತ್ತದೆ. ಕಳೆದುಕೊಳ್ಳಲು ಪಂಕ್ತಿಯೇ ಇಲ್ಲದವರು ನಾವು. ನಮಗೆ ಆ ಬಾಗಿಲು ಅಷ್ಟು ಭಾರವಾಗಿ ಕಾಣಲಿಲ್ಲ.

ಆಮೇಲೆ 1876-78ರ ದೊಡ್ಡ ಬರ ಬಂತು. ಆಗಿನ ಕಲಾದಗಿ ಜಿಲ್ಲೆ ಮುಂಬೈ ಇಲಾಖೆಯಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಪರಿಹಾರ ಕಾಮಗಾರಿಯಲ್ಲಿ ದುಡಿದವನಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಲೆಕ್ಕದ ಕೂಲಿ ಸಾಕೆಂದು 1877ರಲ್ಲಿ ರಿಚರ್ಡ್ ಟೆಂಪಲ್ ತೀರ್ಮಾನಿಸಿದ. ಅದು ಜನರನ್ನು ಕೊಲ್ಲುವ ಅಳತೆಯೆಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಹೋರಾಡಿದ. ಗಂಜಿ ಕೇಂದ್ರಗಳಲ್ಲಿ ಮೇಲುಜಾತಿಯವರು ಸಾಯುತ್ತಿದ್ದರೂ ಪರರ ಕೈಯ ಬೇಯಿಸಿದ ಅನ್ನ ಉಣ್ಣಲು ಹಿಂಜರಿದರು. ಸರ್ಕಾರಕ್ಕೂ ಬೇಯಿಸಿದ ಅನ್ನವೇ ಪರೀಕ್ಷೆಯಾಯಿತು: ನಾಚಿಕೆ ಬಿಟ್ಟು ಉಂಡವನು ನಿಜವಾದ ನಿರ್ಗತಿಕ. ಮದರಾಸಿನಲ್ಲಿ ಮಿಷನರಿ ಇಟ್ಟ ಪರೀಕ್ಷೆ, ಬರಗಾಲದಲ್ಲಿ ಸರ್ಕಾರ ಇಟ್ಟ ಪರೀಕ್ಷೆ, ಎರಡರ ಸಾಮಾನೂ ಒಂದೇ. ಈ ಬರದ ಅನಾಥ ಮಕ್ಕಳನ್ನು ಮಿಷನ್ನುಗಳು ಸಾಕಿದವು. ಅವರ ಮಕ್ಕಳು ಮೊಮ್ಮಕ್ಕಳು ಸಭೆಗಳಾದರು. ಅವರನ್ನೇ ಊರವರು 'ಗಂಜಿಗೆ ಜಾತಿ ಬಿಟ್ಟವರು' ಎಂದರು. ಗಂಜಿ ಕೊಡದವರು ಆಡಿದ ಮಾತು ಇದು.

5

ನಮ್ಮ ನಾಲ್ಕು ಊರುಗಳ ರಾಜಕೀಯ ಚಿತ್ರವನ್ನೂ ಇಲ್ಲಿ ನೆನಪಿಡಬೇಕು. ಜಮಖಂಡಿ ಪಟವರ್ಧನರದು, ಬ್ರಾಹ್ಮಣ ಸಂಸ್ಥಾನ. ಬನಹಟ್ಟಿ ಅದಕ್ಕೆ ಸೇರಿತ್ತು. ಪಕ್ಕದ ರಬಕವಿ ಸಾಂಗಲಿ ಪಟವರ್ಧನರಿಗೆ ಸೇರಿತ್ತು. ಮುಧೋಳ ಘೋರ್ಪಡೆಯವರದು, ಮರಾಠ ಸಂಸ್ಥಾನ. ಬೀಳಗಿ ಬ್ರಿಟಿಷರ ಕೈಯಲ್ಲಿ. ಮಿಷನ್ನಿನ ಠಾಣ್ಯಗಳಾದ ಗುಳೇದಗುಡ್ಡ, ವಿಜಾಪುರ ಇವೆಲ್ಲ ಬ್ರಿಟಿಷ್ ನೆಲದಲ್ಲಿದ್ದವು. ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ. ಅಲ್ಲಿಯವರೆಗೆ ನಮ್ಮ ಹಿರಿಯರಲ್ಲಿ ಬಹಳ ಜನರಿಗೆ ಅರಮನೆ, ಮಠ, ವಾಡೆ ಇವುಗಳ ಹೊರಗಿನ ಅಂಗಳವೇ ಊಟದ ಜಾಗ.

ಆದರೆ ಕೃಷ್ಣೆಯ ಮೇಲ್ಗಡೆ ಕೊಲ್ಹಾಪುರದಲ್ಲಿ ಇನ್ನೊಂದು ಗಾಳಿ ಬೀಸುತ್ತಿತ್ತು. ಲಾಯದಲ್ಲಿ ಚಾಕರಿಗಿದ್ದ ಗಂಗಾರಾಮ ಕಾಂಬಳೆ ನೀರಿನ ತೊಟ್ಟಿ ಮುಟ್ಟಿದನೆಂದು ಮೇಲಿನವರು ಹೊಡೆದಾಗ, ಶಾಹು ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟು, ಗಂಗಾರಾಮನಿಗೆ ಚಹಾದ ಹೋಟೆಲು ಹಾಕಿಸಿದರು. ತಾವೇ ಸಾರೋಟು ನಿಲ್ಲಿಸಿ ಅಲ್ಲಿ ಚಹಾ ಕುಡಿದರು, ಜೊತೆಗಿದ್ದ ಮೇಲುಜಾತಿಯವರಿಗೂ ಕುಡಿಸಿದರು. 1920ರ ಮಾರ್ಚಿನಲ್ಲಿ ಮಾಣಗಾವ್ ಪರಿಷತ್ತಿನಲ್ಲಿ ಅದೇ ಶಾಹು, ತರುಣ ಅಂಬೇಡ್ಕರರನ್ನು ನಿಮ್ಮ ನಾಯಕರೆಂದು ಜನರ ಮುಂದೆ ನಿಲ್ಲಿಸಿದರು. ಗಂಗಾರಾಮನ ಹೋಟೆಲಿಗೂ ಮದರಾಸಿನ ಪ್ರೀತಿಭೋಜನಕ್ಕೂ ಇರುವ ವ್ಯತ್ಯಾಸ ನನಗೆ ಮುಖ್ಯ. ಇಲ್ಲಿ ಗಲ್ಲೆಯ ಮೇಲೆ ಕೂತವನು ಗಂಗಾರಾಮ. ಚಹಾ ಅವನದು, ದರ ಅವನದು, ಕುಡಿದವನು ದುಡ್ಡು ಕೊಡಬೇಕು.

ಅಂಬೇಡ್ಕರರು ಸಹಭೋಜನದ ಮೇಲೆ ಹೆಚ್ಚು ಭರವಸೆ ಇಡಲಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಅವರು ಸ್ಪಷ್ಟವಾಗಿ ಹೇಳಿದ್ದು, ಕೂಡಿ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ, ಮದುವೆಯಿಂದ ರಕ್ತ ಕೂಡಬೇಕು, ಅದಕ್ಕೂ ಮುಂಚೆ ಜಾತಿಗೆ ಆಧಾರವಾದ ಶಾಸ್ತ್ರದ ಅಧಿಕಾರ ಹೋಗಬೇಕು ಎಂದು. 1927ರ ಮಹಾಡದಲ್ಲಿ ಸತ್ತ ದನದ ಖಂಡ ಬಿಡಿ ಎಂದು ನಮ್ಮವರಿಗೆ ಹೇಳಿದವರೂ ಅವರೇ. ಇದನ್ನು ಹಿಡಿದು, ಅಂಬೇಡ್ಕರರೂ ಶಾಕಾಹಾರದ ಪರ ಎಂದು ಇವತ್ತು ಕೆಲವರು ಹೇಳುತ್ತಾರೆ. ಇದು ಮೋಸದ ಓದು. ಅವರು ಬಿಡಿ ಎಂದದ್ದು ಊರಿನ ಹೆಣ ಎಳೆಯುವ ಬಿಟ್ಟಿಯನ್ನು, ಆ ಬಿಟ್ಟಿಗೆ ಕೂಲಿಯಾಗಿ ಸಿಗುವ ಕೊಳೆತ ಖಂಡವನ್ನು. 1948ರ ಅಸ್ಪೃಶ್ಯರ ಮೂಲದ ಪುಸ್ತಕದಲ್ಲಿ, ದನ ತಿನ್ನುವುದು ಒಂದು ಕಾಲಕ್ಕೆ ಎಲ್ಲರ ರೂಢಿಯಾಗಿತ್ತು, ಬ್ರಾಹ್ಮಣರು ಬೌದ್ಧರ ಮೇಲೆ ಗೆಲ್ಲಲು ಅದನ್ನು ಬಿಟ್ಟರು, ಬಿಡಲಾಗದ ಬಡವರು ಅಸ್ಪೃಶ್ಯರಾದರು ಎಂದು ವಾದಿಸಿದವರು ಅವರು. ಗಡಿಗೆಗೆ ಚರಿತ್ರೆ ಕೊಟ್ಟ ಮೊದಲ ವಿದ್ವಾಂಸರು ಬಾಬಾಸಾಹೇಬರು.

ಸ್ವಾತಂತ್ರ್ಯದ ನಂತರ ಕಾನೂನು ಕೈಯ ಪರವಾಗಿ ಮಾತಾಡಿತು. ಸಂವಿಧಾನದ 17ನೆಯ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಬಾಗಿಲನ್ನೂ ಲೋಟವನ್ನೂ ಹೆಸರಿಗಾದರೂ ತೆರೆದವು. ಆದರೆ ಕ್ರೈಸ್ತರಾದ ನಮ್ಮ ಅಣ್ಣತಮ್ಮಂದಿರಿಗೆ ಅದೇ ಸರ್ಕಾರ ಬೇರೆ ಮಾತು ಹೇಳಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಮುಸ್ಲಿಮರು ಹೊರಗೇ ಉಳಿದರು. ರಸ್ತೆ ಬದಿ ಚಪ್ಪಲಿ ಹೊಲಿಯುವ ಸೂಸೈ ಎಂಬ ಕ್ರೈಸ್ತ, ಉಳಿದ ಚಮ್ಮಾರರಿಗೆ ಕೊಟ್ಟಂತೆ ತನಗೂ ಡಬ್ಬಾ ಅಂಗಡಿ ಕೊಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದ. ಮತಾಂತರದ ನಂತರವೂ ಅಷ್ಟೇ ಅನ್ಯಾಯ ಇದೆಯೆಂಬುದಕ್ಕೆ ಸಾಕ್ಷಿ ಸಾಲದು ಎಂದು 1985ರಲ್ಲಿ ಕೋರ್ಟು ಹೇಳಿತು. ಈ ಭೇದ ತೆಗೆಯಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು. ಚರ್ಚಿನಲ್ಲಿ ಜಾತಿ ಇಲ್ಲವೆಂದು ಕಾಗದ ಹೇಳುತ್ತದೆ. ಚರ್ಚಿನ ಅಡಿಗೆಮನೆಯಲ್ಲಿ ಹುಗ್ಗಿಯ ಜೊತೆ ಅದು ಕುದಿಯುತ್ತಿರುತ್ತದೆ.

6

ಈಗ ಮತ್ತೆ ಆ ಮೂಲ ಪ್ರಶ್ನೆಗೆ ಬರೋಣ. ಚರ್ಚಿನವರು ಶಾಕಾಹಾರ ಬಡಿಸುವುದಕ್ಕೆ ತಮ್ಮ ಗ್ರಂಥದಲ್ಲೇ ಆಧಾರ ಕೊಡಬಲ್ಲರು. ಪೌಲನು ರೋಮ್ ಮತ್ತು ಕೊರಿಂಥದ ಸಭೆಗಳಿಗೆ ಬರೆದ ಪತ್ರಗಳಲ್ಲಿ, ನನ್ನ ಊಟದಿಂದ ನಂಬಿಕೆಯಲ್ಲಿ ಬಲಹೀನನಾದ ಸಹೋದರನಿಗೆ ಅಡ್ಡಿಯಾಗುವುದಾದರೆ ನಾನು ಮಾಂಸ ಬಿಡುತ್ತೇನೆ ಎಂಬ ಅರ್ಥದ ಮಾತು ಇದೆ. ಒಳ್ಳೆಯ ಮಾತು. ಆದರೆ ಇದನ್ನು ಜಮಖಂಡಿಗೆ ತಂದು ಓದಿದರೆ ಏನಾಗುತ್ತದೆ? ನಮ್ಮ ಊರಲ್ಲಿ ಊಟದಿಂದ ನೋವಾಗುವ 'ಬಲಹೀನ' ಯಾರು? ಹೊಲ ಇದ್ದವನು, ಮಗ್ಗ ಇದ್ದವನು, ಪಂಚಾಯ್ತಿ, ಸೊಸಾಯಿಟಿ, ಸಕ್ಕರೆ ಕಾರ್ಖಾನೆ ಕೈಯಲ್ಲಿ ಇದ್ದವನು. ಬಲಿಷ್ಠನ ನೋವಿಗೆ ಬಲಹೀನನು ತನ್ನ ಗಡಿಗೆ ಮುಚ್ಚಿಡುವುದನ್ನು ಪೌಲ ಹೇಳಿರಲಿಕ್ಕಿಲ್ಲ. ಅದೇ ಪೌಲನೇ, ಅಂತಿಯೋಕ್ಯದಲ್ಲಿ ಪೇತ್ರನು ಮೇಲಿನವರು ಬಂದೊಡನೆ ಅನ್ಯಜನರ ಪಂಕ್ತಿಯಿಂದ ಎದ್ದುಹೋದಾಗ ಎದುರೆದುರಿಗೇ ಝಾಡಿಸಿದ. ಹಜಾರದ ಗೋಡೆಯ ಮೇಲೆ ವಾಕ್ಯ ಬರೆಸುವುದಾದರೆ ಈ ಕಥೆಯನ್ನೂ ಬರೆಸಬೇಕು.

ಕನ್ನಡ ಸಾಹಿತ್ಯದಲ್ಲಿಯೂ ಈ ಗಡಿಗೆಗೆ ನ್ಯಾಯ ಸಿಕ್ಕಿಲ್ಲ. ನವ್ಯದಲ್ಲಿ ಮಾಂಸ ಎಂದರೆ ಬ್ರಾಹ್ಮಣನ ಬಂಡಾಯ. 'ಸಂಸ್ಕಾರ'ದ ನಾರಣಪ್ಪ ಮಾಂಸ ತಿನ್ನುವುದು ಅಗ್ರಹಾರವನ್ನು ಕೆಣಕಲು. ಅವನಿಗೆ ಅದು ಸಂಕೇತ. ನಮಗೆ ಅದು ಮಧ್ಯಾಹ್ನದ ಊಟ. ನಮ್ಮ ಬರವಣಿಗೆ ಬಂದಾಗ, ದೇವನೂರರ 'ಒಡಲಾಳ'ದಿಂದ ಹಿಡಿದು ನಮ್ಮ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದವರೆಗೆ, ಅನ್ನವು ಹಸಿವಾಗಿ, ಅವಮಾನವಾಗಿ ಬಂತು. ಬರಲೇಬೇಕಿತ್ತು. ಆದರೆ ರುಚಿಯಾಗಿ, ಕೌಶಲವಾಗಿ, ನಮ್ಮ ತಾಯಂದಿರ ವಿದ್ಯೆಯಾಗಿ ಇನ್ನೂ ಸಾಕಷ್ಟು ಬಂದಿಲ್ಲ. ಬಿಸಿಲಿಗೆ ಹಗ್ಗ ಕಟ್ಟಿ ಒಣಗಿಸಿದ ಖಂಡದ ಸರ, ಅದನ್ನು ಮಳೆಗಾಲದವರೆಗೆ ಕೆಡದಂತೆ ಇಡುವ ರೀತಿ, ನೆತ್ತರು, ನರ, ಕಾಲು, ತಲೆ ಯಾವುದನ್ನೂ ಎಸೆಯದೆ ಬೇರೆ ಬೇರೆ ಹದದಲ್ಲಿ ಬೇಯಿಸುವ ತಿಳಿವಳಿಕೆ, ಇವೂ ಕನ್ನಡದ ಜ್ಞಾನವೇ. ಯಾವ ನಿಘಂಟಿಗೆ, ಯಾವ ಪಾಕಶಾಸ್ತ್ರಕ್ಕೆ ಇದು ಸೇರಿದೆ? ಹಸಿವನ್ನು ಬರೆದರೆ ಕನಿಕರ ಹುಟ್ಟುತ್ತದೆ. ರುಚಿಯನ್ನು ಬರೆದರೆ ಸರಿಸಮತೆ ಹುಟ್ಟುತ್ತದೆ. ದಲಿತ ವಿಮರ್ಶೆ ಈಗ ಎರಡನೆಯದನ್ನು ಕೇಳಬೇಕು.

ಇದು ಬರಿಯ ಸಾಹಿತ್ಯದ ಮಾತಲ್ಲ. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗಿಳಿಯುತ್ತೇವೆಂದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದೇ ಇತ್ತು. ಆದರೂ ಪಕ್ಕದ ಮಗು ಮೊಟ್ಟೆ ತಿನ್ನುವುದೇ ತಪ್ಪಾಯಿತು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಡವರ ಗಡಿಗೆಯನ್ನು ನೇರವಾಗಿ ಅಪರಾಧ ಮಾಡಿತು. ಇನ್ನು ಕೈ ಪೂರ್ತಿ ಗೆದ್ದಿದೆ ಎಂದೂ ಹೇಳುವಂತಿಲ್ಲ. ದಲಿತ ಹೆಣ್ಣುಮಗಳು ಮಾಡಿದ ಬಿಸಿಯೂಟವನ್ನು ಮಕ್ಕಳು ಉಣ್ಣದಂತೆ ತಡೆದ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಗಡಿಗೆಯನ್ನು ಬಿಟ್ಟುಕೊಟ್ಟರೆ ಕೈ ಉಳಿಯುತ್ತದೆ ಎಂದು ನಂಬಿದವರು ಇದನ್ನು ನೋಡಬೇಕು.

ಹಾಗಾದರೆ ಶಾಕಾಹಾರಿ ಊಟವನ್ನು ಬಹಿಷ್ಕರಿಸಬೇಕೆ? ಬೇಡ. ರೊಟ್ಟಿ-ಪಲ್ಲೆ ನಮ್ಮದೂ ಹೌದು. ಆ ಜೋಳ ಬಿತ್ತಿದವರು, ಕೊಯ್ದವರು, ಕಣ ಮಾಡಿದವರು ನಾವು. ಅದನ್ನು ಇನ್ನೊಬ್ಬರ ಮಡಿಗೆ ಬರೆದುಕೊಡುವುದೂ ತಪ್ಪೇ. ಖಂಡ ತಿಂದರೆ ಮಾತ್ರ ದಲಿತ ಎಂಬ ಹಟ ಇನ್ನೊಂದು ಮಡಿಯಾದೀತು. ನಾನು ಕೇಳುವುದು ಇಷ್ಟೇ: ಒಂದೇ ಪಂಕ್ತಿಯಲ್ಲಿ ಎರಡು ಗಡಿಗೆ ಇರಲಿ, ಎರಡೂ ಒಂದೇ ಒಲೆಯ ಸಾಲಿನಲ್ಲಿ ಬೇಯಲಿ, ಬೇಕಾದವರು ಬೇಕಾದ್ದನ್ನು ಹಾಕಿಸಿಕೊಳ್ಳಲಿ, ಯಾರೂ ಎದ್ದು ಹೋಗದಿರಲಿ. ಇದು ಸಾಧ್ಯವಾದ ದಿನ ಪ್ರೀತಿಭೋಜನದ ಪರೀಕ್ಷೆ ಮುಗಿದಂತೆ. ಸಾಧ್ಯವಾಗದಿದ್ದರೆ ಯಾರಿಂದ ಸಾಧ್ಯವಾಗಲಿಲ್ಲ ಎಂಬುದಾದರೂ ಎಲ್ಲರಿಗೂ ಕಾಣುತ್ತದೆ.

ಚರ್ಚಿಗೆ ಹೇಳುವ ಈ ಮಾತನ್ನು ನಮ್ಮ ಸಂಘಗಳಿಗೂ, ಸಾಹಿತ್ಯ ಶಿಬಿರಗಳಿಗೂ ಹೇಳುತ್ತಿದ್ದೇನೆ. ನಮ್ಮ ಕರಪತ್ರದಲ್ಲಿ ಗೋಷ್ಠಿಗಳ ಅಧ್ಯಕ್ಷರು ಯಾರು, ಉದ್ಘಾಟಕರು ಯಾರು ಎಂದು ನಾಲ್ಕು ಸಲ ಸಭೆ ಸೇರಿ ಜಗಳಾಡಿ ತೀರ್ಮಾನಿಸುತ್ತೇವೆ. ಮಧ್ಯಾಹ್ನದ ಅಡಿಗೆ ಏನು ಎಂಬುದನ್ನು ಮಾತ್ರ ಯಾರೂ ಚರ್ಚಿಸುವುದಿಲ್ಲ, ಅದು ತಾನಾಗಿಯೇ 'ಎಲ್ಲರಿಗೂ ಆಗುವಂತೆ' ಆಗಿಬಿಡುತ್ತದೆ. ಮುಂದಿನ ಸಲ ಸಭೆ ಸೇರಿದಾಗ ಆ ಸಾಲನ್ನೂ ಚರ್ಚೆಗೆ ಇಡಿ. ಅಡಿಗೆ ಮಾಡುವ ತಾಯಂದಿರನ್ನು ಆ ಸಭೆಗೆ ಕರೆಯಿರಿ, ಮೊದಲು ಅವರ ಮಾತು ಕೇಳಿರಿ.